ಮನೆ ಸುತ್ತ ಬೋಳು ಮಾಡಿದ್ರೆ ಬೆಂಕಿ ನಿಲ್ಲಲ್ಲ

ಸಂಪಾದಕರಿಗೆ ನಮಸ್ಕಾರ,

ಕಾಳ್ಗಿಚ್ಚಿನಿಂದ ಮನೆ ಕಾಪಾಡ್ಕೊಳ್ಳೋದು ಹೇಗೆ ಅಂತ ನಿಮ್ಮ ಪತ್ರಿಕೆಯಲ್ಲಿ ಬಂದಿದ್ದ ಲೇಖನ ಓದಿದೆ, ಆಮೇಲೆ ಅದರ ಬಗ್ಗೆ ಓದುಗರು ಬರೆದ ಪತ್ರಗಳನ್ನೂ ಬಿಡದೆ ಓದಿದೆ. ಅದ್ರಲ್ಲಿ ಎರಡು ಗುಂಪು ಕಾಣ್ತು. ಒಂದು ಗುಂಪಿನವರು ಮನೆ ಸುತ್ತ 100 ಅಡಿ ಒಂದು ಹುಲ್ಲುಕಡ್ಡಿ ಉಳಿಸದೆ ಕೆತ್ತಿ ಬೋಳು ಮಾಡಿಬಿಡಿ ಅಂತಾರೆ, ಇನ್ನೊಂದು ಗುಂಪಿನವರು ಆ ನೆಲದ ಸ್ಥಳೀಯ ಗಿಡ ನೆಟ್ರೆ ಸಾಕು ಬೆಂಕಿ ಅಲ್ಲೇ ನಿಲ್ಲುತ್ತೆ ಅಂತಾರೆ. ಇಬ್ಬರ ಮಾತಲ್ಲೂ ಅರ್ಧ ನಿಜ ಇದೆ, ಆದ್ರೆ ಇಂಥ ವಿಷಯದಲ್ಲಿ ಅರ್ಧ ನಿಜ ನಂಬ್ಕೊಂಡು ಕೂತ್ರೆ ಮನೆ ಪೂರ್ತಿ ಹೋಗುತ್ತೆ. ಅದಕ್ಕೇ ಸ್ವಲ್ಪ ಉದ್ದ ಆದ್ರೂ ಆಗ್ಲಿ ಅಂತ ಬರೀತಿದ್ದೀನಿ. ಜಾಗ ಸಾಲದಿದ್ರೆ ಎಲ್ಲಿ ಬೇಕಾದ್ರೂ ಕತ್ತರಿಸಿ, ಮೊದಲ 5 ಅಡಿ ಬಗ್ಗೆ ಹೇಳಿರೋದನ್ನ ಮಾತ್ರ ಬಿಡಬೇಡಿ.

ಮೊದಲು ಮನೆಗೆ ಬೆಂಕಿ ಹತ್ತೋದು ಹೇಗೆ ಅನ್ನೋದನ್ನ ನೋಡೋಣ. ಟಿವಿಯಲ್ಲಿ ತೋರಿಸೋದು ಬೆಟ್ಟದ ಮೇಲಿಂದ ಇಳಿದು ಬರೋ ದೊಡ್ಡ ಜ್ವಾಲೆ, ಅದನ್ನ ನೋಡಿದವರಿಗೆ ಆ ಜ್ವಾಲೆನೇ ಬಂದು ಮನೆ ನುಂಗುತ್ತೆ ಅನ್ಸೋದು ಸಹಜ. ಆದ್ರೆ ಸುಟ್ಟುಹೋದ ಊರುಗಳಿಗೆ ಆಮೇಲೆ ಹೋಗಿ ಪರೀಕ್ಷೆ ಮಾಡಿದವರು ಹೇಳೋದೇ ಬೇರೆ. ಬಹಳಷ್ಟು ಮನೆ ಹತ್ತಿಕೊಳ್ಳೋದು ಗಾಳಿಯಲ್ಲಿ ಹಾರಿ ಬರೋ ಕಿಡಿಯಿಂದ, ಇಲ್ಲಾಂದ್ರೆ ಆ ಕಿಡಿ ಬಿದ್ದು ಹೊತ್ತಿಕೊಂಡ ತರಗೆಲೆ, ಪೊದೆ, ಬೇಲಿ, ಪಕ್ಕದ ಮನೆ ಇಂಥದ್ರಿಂದ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಅನ್ನೋ ಊರನ್ನ ಬೆಂಕಿ ಹೆಚ್ಚುಕಮ್ಮಿ ಪೂರ್ತಿ ಅಳಿಸಿಹಾಕ್ತು, 85 ಜನ ಸತ್ರು, 18 ಸಾವಿರಕ್ಕೂ ಹೆಚ್ಚು ಕಟ್ಟಡ ಹೋಯ್ತು. ಆ ಊರಿನ ಫೋಟೋಗಳನ್ನ ನೀವೂ ನೋಡಿರ್ತೀರಿ, ಮನೆ ಇದ್ದ ಜಾಗದಲ್ಲಿ ಬರೀ ಬೂದಿ, ಆದ್ರೆ ಅದರ ಸುತ್ತ ಎಷ್ಟೋ ಮರ ಹಸಿರಾಗೇ ನಿಂತಿದೆ. ಮರಗಳಿಂದ ಮನೆಗೆ ಬೆಂಕಿ ಹತ್ತಿದ್ದಾದ್ರೆ ಮರ ಮೊದಲು ಸುಡಬೇಕಿತ್ತಲ್ವಾ?

ಅಮೆರಿಕದ ಅರಣ್ಯ ಸೇವೆಯಲ್ಲಿ ವಿಜ್ಞಾನಿಯಾಗಿದ್ದ ಜ್ಯಾಕ್ ಕೋಹೆನ್ ಅನ್ನೋರು ಇದನ್ನ ಬಹಳ ಹಿಂದೆಯೇ ಪರೀಕ್ಷೆ ಮಾಡಿ ನೋಡಿದ್ರು. 1990ರ ದಶಕದ ಕೊನೆಗೆ ಕೆನಡಾದ ಉತ್ತರದ ಕಾಡಲ್ಲಿ ಮರದ ಹಲಗೆಯ ಗೋಡೆಗಳನ್ನ ನಿಲ್ಲಿಸಿ, ಎದುರಿಗಿದ್ದ ಕಾಡಿಗೆ ಬೇಕಂತಲೇ ಬೆಂಕಿ ಇಟ್ಟು, ಮರದ ತುದಿ ತನಕ ಉರಿಯೋ ಹಾಗೆ ಮಾಡಿದ ಪ್ರಯೋಗ ಅದು. 10 ಮೀಟರ್ ದೂರದ ಗೋಡೆಗಳಲ್ಲಿ ಕೆಲವು ಹತ್ತಿಕೊಂಡ್ವು, ಕೆಲವು ಹತ್ತಲೇ ಇಲ್ಲ, 30 ಮೀಟರ್ ದೂರದ್ದು ಒಂದೂ ಹತ್ತಲಿಲ್ಲ. ಕಾರಣ ಸರಳ, ಅಷ್ಟು ದೊಡ್ಡ ಜ್ವಾಲೆ ಒಂದು ಕಡೆ ನಿಂತು ಉರಿಯೋದು ತುಂಬಾ ಸ್ವಲ್ಪ ಹೊತ್ತು, ಅಷ್ಟರಲ್ಲಿ ದೂರದ ಗೋಡೆ ಹೊತ್ತಿಕೊಳ್ಳೋವಷ್ಟು ಕಾಯಲ್ಲ. ಅಂದ್ರೆ ಮನೆ ಉಳಿಯೋದು ಬಿಡೋದು ಕಿಲೋಮೀಟರ್ ಆಚೆಯ ಕಾಡಿನ ಮೇಲಲ್ಲ, ಮನೆ ಮತ್ತು ಅದರ ಸುತ್ತಿನ 30 ಮೀಟರ್ ಒಳಗೆ ಏನಿದೆ ಅನ್ನೋದ್ರ ಮೇಲೆ. ಆ 30 ಮೀಟರಲ್ಲೂ ಗೋಡೆಗೆ ಹತ್ತಿರ ಹತ್ತಿರ ಬಂದಂಗೆ ಪ್ರತಿ ಅಡಿಯ ಬೆಲೆ ಜಾಸ್ತಿ ಆಗ್ತಾ ಹೋಗುತ್ತೆ.

ಅದಕ್ಕೇ ನಾನು ಗಿಡದ ಮಾತಿಗೆ ಮುಂಚೆ ಗಿಡ ಇರಬಾರದ ಜಾಗದ ಮಾತು ಹೇಳ್ತೀನಿ. ಗೋಡೆಯಿಂದ 5 ಅಡಿ, ಅಂದ್ರೆ ಒಂದೂವರೆ ಮೀಟರ್. ಕ್ಯಾಲಿಫೋರ್ನಿಯಾದವರು ಇದಕ್ಕೆ ಝೋನ್ ಝೀರೋ ಅಂತಾರೆ, 2020ರಲ್ಲೇ ಅದಕ್ಕೆ ಕಾನೂನೂ ಮಾಡಿದ್ರು, ನಿಯಮ ಬರೆಯೋಕೆ ಮಾತ್ರ ವರ್ಷಗಟ್ಟಲೆ ಎಳೆದಾಡಿದ್ರು. ಈ 5 ಅಡಿಯಲ್ಲಿ ಹತ್ತಿಕೊಳ್ಳೋ ವಸ್ತು ಏನೂ ಇರಬಾರದು. ಜಲ್ಲಿ ಹಾಕಿ, ಕಲ್ಲು ಹಾಸಿ, ಸಿಮೆಂಟ್ ಮಾಡಿ, ಏನೋ ಒಂದು ಮಾಡಿ, ಆದ್ರೆ ಕಿಟಕಿ ಕೆಳಗೆ ಸಾಲಾಗಿ ಬೆಳೆಸೋ ಪೊದೆ ಬೇಡ, ಗೋಡೆಗೆ ಹತ್ತಿಸಿದ ಬಳ್ಳಿ ಬೇಡ, ಪ್ಲಾಸ್ಟಿಕ್ ಕುಂಡ ಬೇಡ, ಗೋಡೆಗೆ ಒರಗಿಸಿಟ್ಟ ಸೌದೆ ಅಂತೂ ಬೇಡವೇ ಬೇಡ. ಬಾಗಿಲ ಮುಂದೆ ಹಾಕೋ ನಾರಿನ ಮ್ಯಾಟ್, ಮೂಲೆಯಲ್ಲಿ ನಿಲ್ಲಿಸಿದ ಪೊರಕೆ, ಜಗಲಿ ಮೇಲಿನ ಕುಶನ್ ಕುರ್ಚಿ, ಇವೂ ಲೆಕ್ಕಕ್ಕೆ ಬರುತ್ತೆ, ಬೆಂಕಿ ಸುದ್ದಿ ಬಂದ ದಿನ ಇವನ್ನೆಲ್ಲ ಒಳಗೆ ಎತ್ತಿಡಬೇಕು. ಜೋರು ಗಾಳಿಯಲ್ಲಿ ಕಿಡಿ ಒಂದೊಂದಾಗಿ ಬರಲ್ಲ, ಸುರಿಮಳೆ ಥರ ಬರುತ್ತೆ, ಗೋಡೆಗೆ ಹೊಡೆದು ಬುಡದಲ್ಲಿ ಗುಡ್ಡೆ ಬೀಳುತ್ತೆ. ಗಾಳಿ ತರಗೆಲೆನ ಎಲ್ಲಿ ತಂದು ರಾಶಿ ಹಾಕುತ್ತೋ ಕಿಡಿನೂ ಅಲ್ಲೇ ತಂದು ಹಾಕುತ್ತೆ, ಇದೊಂದು ನೆನಪಿಟ್ಕೊಂಡ್ರೆ ಯಾರ ಸಲಹೆನೂ ಬೇಡ, ಗಾಳಿ ಬೀಸಿದ ಮಾರನೇ ದಿನ ಮನೆ ಸುತ್ತ ಒಂದು ಸುತ್ತು ಬಂದು ಎಲೆ ಎಲ್ಲೆಲ್ಲಿ ಸೇರಿದೆ ಅಂತ ನೋಡಿದ್ರೆ ಸಾಕು.

ಹಾಗೆ ನೋಡಿದ್ರೆ ಮೊದಲು ಸಿಗೋದು ಚಾವಣಿ ಅಂಚಿನ ಮಳೆನೀರಿನ ದೋಣಿ. ಅದರ ತುಂಬ ಒಣ ಎಲೆ. ಅಂಗಳದಲ್ಲಿ ಎಷ್ಟೇ ಒಳ್ಳೆ ಗಿಡ ನೆಟ್ಟಿದ್ರೂ ಈ ದೋಣಿ ಕ್ಲೀನ್ ಇಲ್ಲಾಂದ್ರೆ ಎಲ್ಲ ದಂಡ, ಯಾಕಂದ್ರೆ ಬೆಂಕಿ ನೇರ ಸೂರಿಗೇ ಹತ್ತುತ್ತೆ. ಆಮೇಲೆ ಗಾಳಿ ಆಡೋಕೆ ಬಿಟ್ಟ ಕಿಂಡಿಗಳು. ಅವಕ್ಕೆ 3 ಮಿಲಿಮೀಟರ್ ಕಣ್ಣಿನ ಲೋಹದ ಜಾಲರಿ ಹಾಕಬೇಕು, ಪ್ಲಾಸ್ಟಿಕ್ ಸೊಳ್ಳೆ ಪರದೆ ಬಿಸಿಗೆ ಕರಗಿ ಹೋಗುತ್ತೆ. ಮರದ ಬೇಲಿ ಮನೆ ಗೋಡೆಗೇ ಬಂದು ಸೇರ್ತಿದ್ರೆ ಅದು ಬತ್ತಿ ಹೊಸೆದಿಟ್ಟಂಗೆ, ಕೊನೆಯ 5 ಅಡಿಯಾದ್ರೂ ಕಬ್ಬಿಣದ್ದೋ ಕಲ್ಲಿಂದೋ ಮಾಡಿಸಬೇಕು. ಇದ್ಯಾವುದೂ ತೋಟಗಾರಿಕೆ ಅಲ್ಲ, ಫೋಟೋ ತೆಗೆದು ಹಾಕೋಕೂ ಚೆನ್ನಾಗಿರಲ್ಲ, ಅದಕ್ಕೇ ಇರಬೇಕು ಇದರ ಬಗ್ಗೆ ಯಾರೂ ಬರೆಯಲ್ಲ.

ಈಗ ಬೋಳು ಮಾಡೋರ ವಿಷಯಕ್ಕೆ ಬರ್ತೀನಿ. 5 ಅಡಿ ಬೋಳಾಗಿದ್ರೆ ಒಳ್ಳೇದು ಅಂದ್ಮೇಲೆ 100 ಅಡಿ ಬೋಳು ಮಾಡಿದ್ರೆ ಇನ್ನೂ ಒಳ್ಳೇದಲ್ವಾ ಅಂತ ಕೇಳ್ತಾರೆ. ಕಾಗದದ ಮೇಲೆ ಸರಿ, ನೆಲದ ಮೇಲೆ ಹಾಗಾಗಲ್ಲ, ಯಾಕಂದ್ರೆ ನೆಲ ಬೋಳಾಗಿ ಕೂರಲ್ಲ. ಬೇರು ಸಮೇತ ಕಿತ್ತು ಕೆದಕಿದ ಮಣ್ಣಲ್ಲಿ ಮೊದಲ ಮಳೆಗೆ ಏಳೋದು ಹಳೇ ಪೊದೆ ಅಲ್ಲ, ಎಲ್ಲಿಂದಲೋ ಬಂದ ಕಳೆ ಮತ್ತು ಒಂದು ವರ್ಷ ಬದುಕೋ ಹುಲ್ಲು. ಆ ಹುಲ್ಲು ಬೇಗ ಬೆಳೆದು ಬೇಗ ಒಣಗುತ್ತೆ, ಬೇಸಿಗೆ ಶುರುವಾಗೋ ಹೊತ್ತಿಗೆ ಸಣ್ಣ ಕಿಡಿ ಸಾಕು ಹತ್ತಿಕೊಳ್ಳೋಕೆ, ಹತ್ತಿದ್ರೆ ಓಡೋ ವೇಗಕ್ಕೆ ಮನುಷ್ಯ ಓಡೋಕಾಗಲ್ಲ. ಅಮೆರಿಕದ ಪಶ್ಚಿಮದ ಒಣ ಬಯಲಲ್ಲಿ ಚೀಟ್‌ಗ್ರಾಸ್ ಅನ್ನೋ ಯುರೇಷ್ಯಾ ಮೂಲದ ಹುಲ್ಲು ಮಾಡಿರೋದು ಇದನ್ನೇ. ಅಲ್ಲಿ ಮೊದಲು ಗಿಡಗಳು ದೂರ ದೂರ ಇರ್ತಿದ್ವು, ನಡುವೆ ಬರೀ ಮಣ್ಣು, ಬೆಂಕಿ ಬಿದ್ರೂ ಹಬ್ಬೋಕೆ ದಾರಿ ಇರ್ತಿರಲಿಲ್ಲ. ಈ ಹುಲ್ಲು ಬಂದು ಆ ಖಾಲಿ ಜಾಗವನ್ನೆಲ್ಲ ತುಂಬ್ತು, ಬೆಂಕಿ ಪದೇ ಪದೇ ಬರೋಕೆ ಶುರುವಾಯ್ತು, ಪ್ರತಿ ಬೆಂಕಿಗೂ ಹಳೇ ಗಿಡ ಕಮ್ಮಿಯಾಗಿ ಹುಲ್ಲು ಹೆಚ್ಚಾಗ್ತಾ ಹೋಯ್ತು.

ಹವಾಯಿಯ ಲಹೈನಾ ಕಥೆನೂ ಇದಕ್ಕೆ ಹತ್ತಿರದ್ದೇ. 2023ರ ಆಗಸ್ಟ್ 8ರಂದು ಅಲ್ಲಿ ಸುಮಾರು 100 ಜನ ಸತ್ರು, 2 ಸಾವಿರಕ್ಕೂ ಹೆಚ್ಚು ಕಟ್ಟಡ ಸುಟ್ಟವು. ಊರಿನ ಮೇಲ್ಗಡೆ ಒಂದು ಕಾಲದಲ್ಲಿ ಕಬ್ಬಿನ ತೋಟ ಇದ್ದ ಜಮೀನು ಪಾಳು ಬಿದ್ದು, ಆಫ್ರಿಕಾದಿಂದ ಮೇವಿಗೆ ಅಂತ ತಂದಿದ್ದ ಗಿನಿ ಹುಲ್ಲಿನಂಥವು ಅಲ್ಲೆಲ್ಲ ಹಬ್ಬಿದ್ವು. ಅವತ್ತು ಬೀಸಿದ ಗಾಳಿಗೆ ಆ ಒಣ ಹುಲ್ಲೇ ಬೆಂಕಿನ ಊರ ಬಾಗಿಲಿಗೆ ತಂದು ಬಿಟ್ಟಿದ್ದು. ನಮ್ಮ ಕಾಡುಗಳಲ್ಲಿ ಲಂಟಾನ ಮಾಡ್ತಿರೋದು ಗೊತ್ತಿರೋದೇ, ಅಮೆರಿಕ ಖಂಡದಿಂದ ಅಲಂಕಾರಕ್ಕೆ ಅಂತ ಬಂದ ಪೊದೆ ಅದು, ಒಣಗಿ ಹತ್ತಿಕೊಂಡ್ರೆ ನೆಲದ ಬೆಂಕಿ ಮರದ ಎತ್ತರಕ್ಕೆ ಏರುತ್ತೆ.

ಇಳಿಜಾರಲ್ಲಿ ಮನೆ ಇರೋರಿಗೆ ಬೋಳು ಮಾಡೋದು ಇನ್ನೂ ಅಪಾಯ. ಬೇರು ಹಿಡಿದಿಟ್ಟ ಮಣ್ಣು ಬೇರು ಹೋದ್ಮೇಲೆ ಎಷ್ಟು ದಿನ ನಿಲ್ಲುತ್ತೆ? ಕ್ಯಾಲಿಫೋರ್ನಿಯಾದ ಮಾಂಟೆಸಿಟೋದಲ್ಲಿ ಥಾಮಸ್ ಅಂತ ಹೆಸರಿಟ್ಟ ಕಾಳ್ಗಿಚ್ಚಿಗೆ ಗುಡ್ಡದ ಗಿಡಗಂಟಿ ಸುಟ್ಟು ಒಂದು ತಿಂಗಳೂ ಆಗಿರಲಿಲ್ಲ, 2018ರ ಜನವರಿ 9ರ ಮಳೆಗೆ ಗುಡ್ಡದ ಕೆಸರು ಬಂಡೆ ಎಲ್ಲ ಊರಿನ ಮೇಲೆ ಇಳಿದು 23 ಜನ ಸತ್ರು. ಅಲ್ಲಿ ಬೋಳಾಗಿದ್ದು ಬೆಂಕಿಯಿಂದ, ನಾವು ಕೈಯಾರೆ ಬೋಳು ಮಾಡಿದ ಇಳಿಜಾರಿಗೂ ಮಳೆ ವ್ಯತ್ಯಾಸ ತೋರಿಸಲ್ಲ.

ಹಾಗಾಗಿ ಮೊದಲ 5 ಅಡಿ ದಾಟಿದ ಮೇಲೆ ಗಿಡ ಬೇಕು, ಅದರಲ್ಲೂ ಆ ನೆಲಕ್ಕೆ ಒಗ್ಗಿದ ಸ್ಥಳೀಯ ಗಿಡ ಬೇಕು ಅಂತ ನಾನು ಹೇಳೋದು. ಅದಕ್ಕೆ ಕಾರಣ ದೇಶಪ್ರೇಮ ಅಲ್ಲ, ನೀರು. ಹತ್ತಿಕೊಳ್ಳುತ್ತೋ ಇಲ್ವೋ ಅನ್ನೋದನ್ನ ಬಹುಮಟ್ಟಿಗೆ ತೀರ್ಮಾನ ಮಾಡೋದು ಎಲೆಯೊಳಗಿನ ನೀರು, ಎಲೆ ಬಿಸಿಯಾದಾಗ ಮೊದಲು ಆ ನೀರು ಆವಿಯಾಗಬೇಕು, ಆಮೇಲೆ ಉರಿ. ಎಲ್ಲಿಂದಲೋ ತಂದು ನೆಟ್ಟ, ದಿನಾ ನೀರು ಕೇಳೋ ಗಿಡ ನೀರಿನ ಕಟ್ಟುಪಾಡು ಬಂದ ವರ್ಷ ಮೊದಲು ಒಣಗುತ್ತೆ, ಅದೇ ವರ್ಷ ಬೆಂಕಿನೂ ಜಾಸ್ತಿ. ಆ ಜಾಗದ ಬೇಸಿಗೆ ಗೊತ್ತಿರೋ ಗಿಡದ ಬೇರು ಆಳಕ್ಕೆ ಹೋಗಿರುತ್ತೆ, ಸ್ವಲ್ಪ ನೀರಲ್ಲೇ ಎಲೆ ಹಸಿಯಾಗಿ ಇಟ್ಕೊಳ್ಳುತ್ತೆ, ತಿಂಗಳಿಗೆ ಒಂದೆರಡು ಸಲ ಚೆನ್ನಾಗಿ ನೀರು ಕೊಟ್ರೆ ಬೇಸಿಗೆ ಪೂರ್ತಿ ಹಸಿರಾಗಿರುತ್ತೆ. ಕ್ಯಾಲಿಫೋರ್ನಿಯಾ ಕರಾವಳಿಯ ಲೈವ್ ಓಕ್ ಮರಕ್ಕೆ ದಪ್ಪ ತೊಗಟೆ, ವರ್ಷವಿಡೀ ಹಸಿರು ಎಲೆ, ಬೆಂಕಿ ಹಾದು ಹೋದ್ಮೇಲೂ ಎಷ್ಟೋ ಸಲ ಚಿಗುರುತ್ತೆ. ಆಸ್ಟ್ರೇಲಿಯಾದ ಸಾಲ್ಟ್‌ಬುಷ್ ಅನ್ನೋ ಪೊದೆ ಎಲೆ ತುಂಬ ನೀರು ಮತ್ತು ಉಪ್ಪು, ಹತ್ತೋದೇ ಕಷ್ಟ. ಅಲ್ಲಿಯವರು ಬೆಂಕಿಗೆ ಸುಲಭವಾಗಿ ಹತ್ತದ ಗಿಡ ಅಂತ ಹೇಳೋ ಲಿಲ್ಲಿಪಿಲ್ಲಿ ನಮ್ಮ ನೇರಳೆ ಮರದ ಹತ್ತಿರದ ನೆಂಟ, ಅದೇ ಥರ ನುಣುಪಾದ ದಪ್ಪ ಎಲೆ.

ಆದ್ರೆ ಎರಡನೇ ಗುಂಪಿನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ಥಳೀಯ ಅಂದ ಮಾತ್ರಕ್ಕೆ ಬೆಂಕಿ ತಡೆಯುತ್ತೆ ಅಂತೇನಿಲ್ಲ. ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲೇ ಹುಟ್ಟಿ ಬೆಳೆದ ಚಮೀಸ್ ಪೊದೆ ಎಣ್ಣೆ ಅಂಶ ತುಂಬಿರೋದು, ಬೆಂಕಿ ಬಿದ್ರೆ ಧಗ್ ಅನ್ನುತ್ತೆ, ಸುಟ್ಟು ಬುಡದಿಂದ ಮತ್ತೆ ಚಿಗುರೋದು ಅದರ ಬದುಕೋ ರೀತಿ. ಆಸ್ಟ್ರೇಲಿಯಾಗೆ ನೀಲಗಿರಿಗಿಂತ ಸ್ಥಳೀಯ ಮರ ಇನ್ಯಾವುದಿದೆ? ಎಲೆ ತುಂಬ ಎಣ್ಣೆ, ಕೆಲವು ಜಾತಿಯಲ್ಲಿ ತೊಗಟೆ ಉದ್ದುದ್ದ ಸುಲಿದು ನೇತಾಡ್ತಿರುತ್ತೆ, ಆ ತೊಗಟೆ ಹತ್ತಿಕೊಂಡು ಗಾಳಿಯಲ್ಲಿ ಹಾರಿ ದೂರ ಹೋಗಿ ಬಿದ್ದು ಹೊಸ ಬೆಂಕಿ ಹಚ್ಚುತ್ತೆ. 2009ರ ಫೆಬ್ರವರಿ 7ರಂದು ವಿಕ್ಟೋರಿಯಾ ರಾಜ್ಯದಲ್ಲಿ 173 ಜನ ಸತ್ತ ಬೆಂಕಿಯಲ್ಲಿ ಕಿಡಿ 30 ಕಿಲೋಮೀಟರ್ ಆಚೆನೂ ಬೆಂಕಿ ಹೊತ್ತಿಸಿತ್ತು. ಅದೇ ನೀಲಗಿರಿನ ಪೋರ್ಚುಗಲ್‌ನವರು ಕಾಗದದ ಕಾರ್ಖಾನೆಗಾಗಿ ದೇಶದ ತುಂಬ ನೆಟ್ರು, 2017ರ ಜೂನ್‌ನಲ್ಲಿ ಪೆಡ್ರೊಗಾವ್ ಗ್ರಾಂಡೆ ಕಡೆ ನೀಲಗಿರಿ ಮತ್ತು ಪೈನ್ ತೋಪುಗಳಲ್ಲಿ ಹಬ್ಬಿದ ಬೆಂಕಿಗೆ 66 ಜನ ಬಲಿಯಾದ್ರು, ಬಹಳ ಜನ ಕಾರಲ್ಲಿ ತಪ್ಪಿಸ್ಕೊಂಡು ಹೋಗುವಾಗ ರಸ್ತೆಯಲ್ಲೇ. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡದ ಬೆಂಕಿಗೆ 25 ಜನ ಸತ್ತಾಗಲೂ ಅಲ್ಲಿ ಇದೇ ಮರ ಇತ್ತು. ಹಾಗಾಗಿ ಗಿಡ ಆರಿಸುವಾಗ ಎರಡು ಪ್ರಶ್ನೆ ಕೇಳಬೇಕು, ಈ ನೆಲದ್ದಾ ಅಂತ ಒಂದು, ಹೇಗೆ ಉರಿಯುತ್ತೆ ಅಂತ ಇನ್ನೊಂದು. ಮೊದಲನೇದಕ್ಕೆ ಉತ್ತರ ಸಿಕ್ಕ ಕೂಡ್ಲೇ ಎರಡನೇದನ್ನ ಬಿಟ್ಟುಬಿಡೋರು ಬಹಳ.

ಹೇಗೆ ಉರಿಯುತ್ತೆ ಅಂತ ತಿಳಿಯೋಕೆ ಲ್ಯಾಬ್ ಬೇಕಿಲ್ಲ. ಎಲೆ ಉಜ್ಜಿ ನೋಡಿ, ಘಾಟು ವಾಸನೆ ಬಂದು ಕೈಗೆ ಅಂಟು ಹತ್ತಿದ್ರೆ ಎಣ್ಣೆ ಅಥವಾ ರಾಳ ಇದೆ ಅಂತ ಅರ್ಥ, ಅಂಥದ್ದನ್ನ ಮನೆಯಿಂದ ದೂರ ಇಡಿ. ಪೊದೆಯ ಹೊರಗಿನ ಹಸಿರು ಸರಿಸಿ ಒಳಗೆ ನೋಡಿ, ಒಣ ಕಡ್ಡಿ, ಸತ್ತ ಎಲೆ ಗಿಜಿಗಿಜಿ ಅಂತಿದ್ರೆ ಹೊರಗಿನ ಹಸಿರು ಬರೀ ವೇಷ. ಜೂನಿಪರ್, ಸೈಪ್ರಸ್ ಇಂಥವು ನೋಡೋಕೆ ಅಚ್ಚುಕಟ್ಟು, ಒಳಗೆಲ್ಲ ಒಣಗಿರುತ್ತೆ, ಆದ್ರೂ ಬಾಗಿಲ ಎರಡೂ ಕಡೆ ಅದನ್ನೇ ನಿಲ್ಲಿಸೋ ಖಯಾಲಿ ಯಾಕೋ ಹೋಗ್ತಿಲ್ಲ. ದಪ್ಪ ರಸಭರಿತ ಎಲೆ, ಅಗಲ ಎಲೆ, ಬಿಡಿಬಿಡಿಯಾದ ಕೊಂಬೆ, ಬುಡದಲ್ಲಿ ಕಸ ಕಮ್ಮಿ ಬೀಳಿಸೋದು, ಇವು ಒಳ್ಳೇ ಲಕ್ಷಣ. ನರ್ಸರಿಗಳಲ್ಲಿ 'ಫೈರ್‌ಪ್ರೂಫ್' ಅಂತ ಚೀಟಿ ಅಂಟಿಸಿ ಮಾರೋದನ್ನ ನಂಬಬೇಡಿ, ಉರಿಯದ ಗಿಡ ಅಂತ ಯಾವುದೂ ಇಲ್ಲ, ಬೇಗ ಹತ್ತೋದು ನಿಧಾನಕ್ಕೆ ಹತ್ತೋದು ಅಷ್ಟೇ ವ್ಯತ್ಯಾಸ, ನೀರು ಕಾಣದ ಒಳ್ಳೇ ಗಿಡಕ್ಕಿಂತ ಆರೈಕೆ ಕಂಡ ಸಾಧಾರಣ ಗಿಡನೇ ವಾಸಿ.

ನೆಡೋ ರೀತಿ ಬಗ್ಗೆ ನಿಮ್ಮ ಲೇಖನ ಒಂದು ಸಾಲಲ್ಲಿ ಮುಗಿಸಿತ್ತು, ನನಗೆ ಅದೇ ಮುಖ್ಯ ಅನ್ಸುತ್ತೆ. ಉದ್ದಕ್ಕೆ ಬೇಲಿ ಥರ ನೆಡಬೇಡಿ, ಗುಂಪು ಗುಂಪಾಗಿ ನೆಟ್ಟು ಗುಂಪುಗಳ ನಡುವೆ ಕಲ್ಲುದಾರಿಯೋ ಜಲ್ಲಿಯೋ ಗಿಡ್ಡಕ್ಕೆ ಕತ್ತರಿಸಿದ ಹಸಿ ಹುಲ್ಲೋ ಬಿಡಿ, ಒಂದು ಗುಂಪು ಹತ್ತಿದ್ರೂ ಇನ್ನೊಂದಕ್ಕೆ ದಾಟಬಾರದು. ಇಳಿಜಾರಾದ್ರೆ ಆ ನಡುವಿನ ಜಾಗ ಇನ್ನೂ ಅಗಲ ಇರಬೇಕು, ಯಾಕಂದ್ರೆ ಬೆಂಕಿ ಮೇಲಕ್ಕೆ ಹತ್ತೋದು ಜೋರು, ಮೇಲಿನ ಗಿಡನ ಮೊದಲೇ ಕಾಯಿಸಿ ಒಣಗಿಸಿ ಇಟ್ಟಿರುತ್ತೆ. ಮರದ ಕೆಳಗೆ ಪೊದೆ ಇದ್ರೆ ಪೊದೆಯ ಎತ್ತರದ ಮೂರರಷ್ಟು ಜಾಗ ಪೊದೆಯ ತುದಿಗೂ ಮರದ ಕೆಳಗಿನ ಕೊಂಬೆಗೂ ನಡುವೆ ಖಾಲಿ ಇರಬೇಕು, ಅಂದ್ರೆ 3 ಅಡಿ ಪೊದೆಗೆ 9 ಅಡಿ. ಇಲ್ಲಾಂದ್ರೆ ಹುಲ್ಲಿಂದ ಪೊದೆಗೆ, ಪೊದೆಯಿಂದ ಕೊಂಬೆಗೆ, ಕೊಂಬೆಯಿಂದ ಸೂರಿಗೆ ಅಂತ ಬೆಂಕಿಗೆ ನಾವೇ ಏಣಿ ಹಾಕಿಕೊಟ್ಟಂಗೆ. ಗಿಡದ ಬುಡಕ್ಕೆ ಹಾಕೋ ಹೊದಿಕೆ ಬಗ್ಗೆನೂ ಹುಷಾರು, ರಬ್ಬರ್ ಚೂರಿನ ಹೊದಿಕೆ ಹತ್ತಿದ್ರೆ ಭಯಂಕರ ಬಿಸಿ, ಸಿಗಿದ ತೊಗಟೆನೂ ಬೇಗ ಹತ್ತುತ್ತೆ, ಚೆನ್ನಾಗಿ ಕೊಳೆತ ಗೊಬ್ಬರ ಇದ್ದಿದ್ರಲ್ಲಿ ವಾಸಿ, ಅದೂ ಗೋಡೆಯಿಂದ ದೂರ.

ಕೆಲಸ ಮಾಡೋ ಕಾಲನೂ ಮುಖ್ಯ. ಒಣ ಗಾಳಿ ಬೀಸೋ ಮಧ್ಯಾಹ್ನ ಹುಲ್ಲು ಕತ್ತರಿಸೋ ಮಿಷನ್ ಕಲ್ಲಿಗೆ ತಾಗಿ ಹಾರಿದ ಕಿಡಿಯಿಂದಲೇ ಬೆಂಕಿ ಶುರುವಾಗಿರೋ ಉದಾಹರಣೆ ಬೇಕಾದಷ್ಟಿದೆ, ಬೆಂಕಿ ತಡೆಯೋಕೆ ಹೋಗಿ ಬೆಂಕಿ ಹಚ್ಚೋದು ಅಂದ್ರೆ ಇದೇ. ಬೇಸಿಗೆಗೆ ಮುಂಚೆನೇ, ಬೆಳಗ್ಗೆ ತಂಪಲ್ಲಿ ಮುಗಿಸ್ಕೊಳ್ಳಿ. ಹಕ್ಕಿ ಗೂಡು ಕಟ್ಟೋ ತಿಂಗಳಲ್ಲಿ ಪೊದೆಗೆ ಕೈ ಹಾಕೋ ಮುಂಚೆ ಒಳಗೆ ಒಮ್ಮೆ ನೋಡಿ. ಒಂದು ಸಲ ಮಾಡಿ ಮರೆಯೋ ಕೆಲಸ ಅಲ್ಲ ಇದು, ಒಣ ಕಡ್ಡಿ ತೆಗೆಯೋದು, ಕಳೆ ಹುಲ್ಲು ಬೀಜ ಕಟ್ಟೋ ಮುಂಚೆ ಕೀಳೋದು ಪ್ರತಿ ವರ್ಷ ಇದ್ದೇ ಇರುತ್ತೆ.

ಇಷ್ಟೆಲ್ಲ ಮಾಡಿದ್ರೂ ಒಂದು ಕಡೆ ನಮ್ಮ ಕೈ ಕಟ್ಟಿಹೋಗುತ್ತೆ, ಅದು ಪಕ್ಕದ ಸೈಟು. 2025ರ ಜನವರಿ 7ರಂದು ಲಾಸ್ ಏಂಜಲಿಸ್‌ನಲ್ಲಿ ಶುರುವಾದ ಪ್ಯಾಲಿಸೇಡ್ಸ್ ಮತ್ತು ಈಟನ್ ಅನ್ನೋ ಎರಡು ಕಾಳ್ಗಿಚ್ಚು ಸೇರಿ 16 ಸಾವಿರಕ್ಕೂ ಹೆಚ್ಚು ಕಟ್ಟಡ ಸುಟ್ಟವು. ಅಲ್ಲಿ ಮನೆಗಳು ಒತ್ತೊತ್ತಾಗಿದ್ವು, ಒಂದು ಹಂತ ದಾಟಿದ ಮೇಲೆ ಮನೆಗೆ ಮನೆನೇ ಸೌದೆ ಆಯ್ತು. ಗಿಡ ಕೆಲವು ನಿಮಿಷ ಉರಿದು ಮುಗಿಯುತ್ತೆ, ಮನೆ ಗಂಟೆಗಟ್ಟಲೆ ಉರಿಯುತ್ತೆ, ಅದರ ಬಿಸಿ ಪಕ್ಕದ ಮನೆಯ ಕಿಟಕಿ ಗಾಜು ಒಡೆದು ಒಳಗೆ ಹೋಗುತ್ತೆ. ಇದಾದ ಮೇಲೆ ಆ 5 ಅಡಿ ನಿಯಮದ ಬಗ್ಗೆ ಅಲ್ಲಿ ದೊಡ್ಡ ಜಗಳನೇ ನಡೀತು, ನೀರು ಕಂಡ ಹಸಿರು ಗಿಡ ಬಿಸಿ ತಡೆಯುತ್ತೆ, ಅದನ್ನ ಯಾಕೆ ಕೀಳಬೇಕು ಅಂತ ಕೆಲವರು, ರಿಸ್ಕ್ ಬೇಡ ಅಂತ ಅಗ್ನಿಶಾಮಕದವರು. ನನ್ನನ್ನ ಕೇಳಿದ್ರೆ ಗೋಡೆ ಪಕ್ಕ ಜಲ್ಲಿನೇ ಸರಿ, ಆಚೆಗೆ ಬೆಳೆಸೋಕೆ ಜಾಗ ಇದ್ದೇ ಇದೆ. ಹಸಿರಿಗಾಗಿ ಜಗಳ ಆಡೋದಾದ್ರೆ 5 ಅಡಿ ಆಚೆಯ 95 ಅಡಿಗಾಗಿ ಆಡೋಣ, 100 ಅಡಿ ಬೋಳು ಮಾಡಿ ಅನ್ನೋರು ಕೈ ಹಾಕೋದು ಅಲ್ಲಿಗೇ.

ಪೋರ್ಚುಗಲ್‌ನಲ್ಲಿ ಮನೆ ಸುತ್ತ 50 ಮೀಟರ್ ನೋಡ್ಕೊಳ್ಳೋ ಹೊಣೆ ಕಾನೂನಲ್ಲೇ ಇದೆ, ಆ 50 ಮೀಟರ್ ಬೇರೆಯವರ ಜಮೀನಿಗೆ ದಾಟಿದ್ರೆ ಅಲ್ಲಿಗೂ ಅನ್ವಯ ಆಗುತ್ತೆ. ಇಂಥ ನಿಯಮ ಬಂದ ಕಡೆ ಅಕ್ಕಪಕ್ಕದವರು ಖರ್ಚು ಹೇಗೆ ಹಂಚಿಕೊಳ್ತಾರೆ, ಖಾಲಿ ಸೈಟಿನ ಹುಲ್ಲು ಯಾರು ಕತ್ತರಿಸಬೇಕು, ಮಾಲೀಕ ಊರಲ್ಲೇ ಇಲ್ಲಾಂದ್ರೆ ಏನು ಮಾಡೋದು, ವಯಸ್ಸಾದವರ ಚಾವಣಿ ದೋಣಿ ಯಾರು ಹತ್ತಿ ಕ್ಲೀನ್ ಮಾಡ್ತಾರೆ, ಇದನ್ನೆಲ್ಲ ನಿಮ್ಮ ವರದಿಗಾರರು ಒಂದು ಸಲ ವಿವರವಾಗಿ ಬರೀಲಿ ಅಂತ ಕೇಳ್ಕೊಳ್ತೀನಿ. ಬೆಂಕಿ ಬಿದ್ದ ವಾರ ಬೇಡ, ಬೇಸಿಗೆ ಶುರುವಾಗೋ ಎರಡು ತಿಂಗಳು ಮುಂಚೆ ಹಾಕಿ, ಆಗ ಓದಿದವರಿಗೆ ಮಾಡೋಕೆ ಟೈಮ್ ಇರುತ್ತೆ. ಜೊತೆಗೆ ನೆಡಬಹುದಾದ ಗಿಡಗಳ ಪಟ್ಟಿ ಹಾಕೋದಾದ್ರೆ ಯಾವ ಊರಿನ ನೆಲಕ್ಕೆ ಅಂತ ಮೇಲೆ ಬರೆದು ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ